ಗುದನಾಳದ ಕ್ಯಾನ್ಸರ್: ಚಿತ್ರ ವಿಶ್ಲೇಷಣೆಯಿಂದ ಚಿಕಿತ್ಸೆಯ ಫಲದ ಮುನ್ಸೂಚನೆ

ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಗೂ ಮುನ್ನ ಕೊಡುವ ವಿಕಿರಣ ಮತ್ತು ಕೀಮೋ ಚಿಕಿತ್ಸೆಯಿಂದ ಗಡ್ಡೆ ಎಷ್ಟು ಕರಗೀತು, ಚಿಕಿತ್ಸೆ ಮುಗಿದ ಮೇಲೆ ನಿಜವಾಗಿ ಎಷ್ಟು ಕರಗಿದೆ ಎಂಬುದನ್ನು ಎಂಆರ್‌ಐ, ಸಿಟಿ, ಪೆಟ್ ಮೊದಲಾದ ಸ್ಕ್ಯಾನಿಂಗ್ ಚಿತ್ರಗಳಿಂದ ಅಂದಾಜು ಮಾಡುವ ವಿಧಾನ. ರೇಡಿಯಾಲಜಿಸ್ಟ್ ಕಣ್ಣಿನಿಂದ ನೋಡಿ ದರ್ಜೆ ಕೊಡುವುದು ಇದರ ಹಳೆಯ ರೂಪ. ಚಿತ್ರದಲ್ಲಿ ಅಡಗಿರುವ ಸಾವಿರಾರು ಅಳತೆಗಳನ್ನು ಕಂಪ್ಯೂಟರಿನಿಂದ ಹೊರತೆಗೆದು ಲೆಕ್ಕ ಹಾಕುವ ರೇಡಿಯೋಮಿಕ್ಸ್ ಮತ್ತು ಆಳ ಕಲಿಕೆಯ ವಿಧಾನಗಳು 2012ರಿಂದೀಚೆಗೆ ಬೆಳೆದವು. ಮುನ್ಸೂಚನೆ ಸರಿಯಾದರೆ ಕೆಲವರು ದೊಡ್ಡ ಶಸ್ತ್ರಚಿಕಿತ್ಸೆಯಿಂದಲೂ, ಹೊಟ್ಟೆಯ ಮೇಲೆ ಜೀವನಪೂರ್ತಿ ಮಲದ ಚೀಲ ಹೊರುವ ಸ್ಥಿತಿಯಿಂದಲೂ ಪಾರಾಗಬಹುದು. ತಪ್ಪಾದರೆ ಉಳಿದುಬಿಟ್ಟ ಕ್ಯಾನ್ಸರ್ ಮತ್ತೆ ಬೆಳೆಯುತ್ತದೆ.

ರೋಗ ಮತ್ತು ಅದರ ಗುರುತು

ಗುದನಾಳವು ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಭಾಗ. ಸುತ್ತಲೂ ಮೀಸೋರೆಕ್ಟಮ್ ಎಂಬ ಕೊಬ್ಬಿನ ಹೊದಿಕೆಯಿದ್ದು, ಹಾಲ್ರಸ ಗ್ರಂಥಿಗಳು ಅದರೊಳಗೆ ಇರುತ್ತವೆ. ಇಲ್ಲಿ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಕರುಳಿನ ಒಳಪದರದ ಗ್ರಂಥಿಕೋಶಗಳಿಂದ ಬರುವ ಅಡಿನೋಕಾರ್ಸಿನೋಮಾ. ಕರುಳು ಮತ್ತು ಗುದನಾಳದ ಕ್ಯಾನ್ಸರ್‌ಗಳನ್ನು ಒಟ್ಟಿಗೆ ಎಣಿಸಿದರೆ ಜಗತ್ತಿನಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಅದು ಮೂರನೆಯದು. 2020ರಲ್ಲಿ ಸುಮಾರು 19 ಲಕ್ಷ ಹೊಸ ರೋಗಿಗಳಿದ್ದರೆಂದು ಅಂತರರಾಷ್ಟ್ರೀಯ ಅಂದಾಜು. ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದರ ಪ್ರಮಾಣ ಕಡಿಮೆ. ಆದರೆ ಇಲ್ಲಿನ ರೋಗಿಗಳು ಚಿಕ್ಕ ವಯಸ್ಸಿನವರು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ತನ್ನ 800 ರೋಗಿಗಳ ದಾಖಲೆ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸರಾಸರಿ ವಯಸ್ಸು 47. ಸಿಗ್ನೆಟ್ ರಿಂಗ್ ಎಂಬ ಉಗ್ರ ಸ್ವರೂಪದ ಗಡ್ಡೆ ಅವರಲ್ಲಿ ಶೇ. 13ರಷ್ಟು ಮಂದಿಗೆ ಇತ್ತು. ಪಶ್ಚಿಮದಲ್ಲಿ ಈ ಬಗೆ ಅಪರೂಪ. ಮುನ್ಸೂಚನೆಯ ಮಾದರಿಗಳ ವಿಚಾರದಲ್ಲಿ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ.

ಮಲದಲ್ಲಿ ರಕ್ತ, ಮಲವಿಸರ್ಜನೆಯ ರೂಢಿ ಬದಲಾಗುವುದು, ಹೋಗಿ ಬಂದರೂ ಇನ್ನೂ ಹೋಗಬೇಕೆನಿಸುವುದು, ಕಾರಣ ತಿಳಿಯದ ರಕ್ತಹೀನತೆ ಈ ರೋಗದ ಮುಖ್ಯ ಲಕ್ಷಣಗಳು. ಮೊದಲ ಎರಡನ್ನು ಜನ ಮೂಲವ್ಯಾಧಿಯೆಂದು ಭಾವಿಸುವುದೇ ಹೆಚ್ಚು. ಊರೂರಿನ ಗೋಡೆಗಳ ಮೇಲೂ ಬಸ್ ನಿಲ್ದಾಣಗಳಲ್ಲೂ ಕಾಣುವ ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಎಂಬ ಜಾಹೀರಾತುಗಳು ಈ ಭಾವನೆಯನ್ನು ಗಟ್ಟಿ ಮಾಡುತ್ತವೆ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಗುದಪರೀಕ್ಷೆ ಮಾಡಿದರೆ ಕೆಳಭಾಗದ ಬಹುಪಾಲು ಗಡ್ಡೆಗಳು ಕೈಗೆ ಸಿಗುತ್ತವೆ. ಯಾವ ಯಂತ್ರವೂ ಬೇಡದ ಈ ಪರೀಕ್ಷೆ ಸಂಕೋಚದಿಂದ ತಪ್ಪಿಹೋಗಿ, ರೋಗಿ ಎಂಆರ್‌ಐ ಯಂತ್ರದ ಮುಂದೆ ಬರುವಷ್ಟರಲ್ಲಿ ಗಡ್ಡೆ ಕರುಳಿನ ಗೋಡೆ ದಾಟಿರುವುದು ಸಾಮಾನ್ಯ.

ಚಿಕಿತ್ಸೆ ನಡೆದುಬಂದ ದಾರಿ

ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದ ಶಸ್ತ್ರಚಿಕಿತ್ಸೆಯಲ್ಲಿ ಗುದನಾಳ, ಗುದದ್ವಾರ ಎರಡನ್ನೂ ತೆಗೆದು ಮಲಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡಲಾಗುತ್ತಿತ್ತು. ಬಹಳ ಕಾಲ ಇದೇ ಮುಖ್ಯ ಚಿಕಿತ್ಸೆಯಾಗಿತ್ತು. 1982ರಲ್ಲಿ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್, ಮೀಸೋರೆಕ್ಟಮ್ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸಿ ತೆಗೆಯುವ ಕ್ರಮವನ್ನು ಮುಂದಿಟ್ಟರು. ಅದರಿಂದ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳುವುದು ಗಣನೀಯವಾಗಿ ತಗ್ಗಿತು. 2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ ವಿಕಿರಣ ಮತ್ತು ಕೀಮೋವನ್ನು ಶಸ್ತ್ರಚಿಕಿತ್ಸೆಯ ನಂತರ ಕೊಡುವುದಕ್ಕಿಂತ ಮೊದಲೇ ಕೊಡುವುದು ಮೇಲೆಂದು ತೋರಿಸಿತು. ಐದು ವರ್ಷಗಳಲ್ಲಿ ಸ್ಥಳೀಯವಾಗಿ ರೋಗ ಮರಳಿದ್ದು ಮೊದಲೇ ಪಡೆದವರಲ್ಲಿ ಶೇ. 6, ನಂತರ ಪಡೆದವರಲ್ಲಿ ಶೇ. 13.

ಪೂರ್ವಚಿಕಿತ್ಸೆಯ ರೂಪ ಎರಡು. ದೀರ್ಘ ಕ್ರಮದಲ್ಲಿ 45ರಿಂದ 50.4 ಗ್ರೇ ವಿಕಿರಣವನ್ನು 25ರಿಂದ 28 ಕಂತುಗಳಲ್ಲಿ, ವಾರಕ್ಕೆ ಐದು ದಿನದಂತೆ ಕೊಡುತ್ತಾರೆ. ಜೊತೆಗೆ ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆ. ಹ್ರಸ್ವ ಕ್ರಮದಲ್ಲಿ 25 ಗ್ರೇ, ಐದೇ ದಿನದಲ್ಲಿ ಮುಗಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕೊಡುತ್ತಿದ್ದ ಕೀಮೋವನ್ನೂ ಮುಂದಕ್ಕೆ ತಂದು ಎಲ್ಲವನ್ನೂ ಮೊದಲೇ ಮುಗಿಸುವ ಸಮಗ್ರ ಪೂರ್ವಚಿಕಿತ್ಸೆ 2020ರ ಸುಮಾರಿಗೆ ಬಳಕೆಗೆ ಬಂತು. ರ‍್ಯಾಪಿಡೊ ಅಧ್ಯಯನದಲ್ಲಿ ಹೀಗೆ ಚಿಕಿತ್ಸೆ ಪಡೆದವರಲ್ಲಿ ಶೇ. 28ರಷ್ಟು ಮಂದಿಯ ಗಡ್ಡೆ ಪೂರ್ತಿ ಮಾಯವಾಗಿತ್ತು. ಹಳೆಯ ಕ್ರಮದಲ್ಲಿ ಆ ಪ್ರಮಾಣ ಶೇ. 14.

ತೆಗೆದ ಗುದನಾಳವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಒಂದೂ ಕ್ಯಾನ್ಸರ್ ಕೋಶ ಸಿಗದಿದ್ದರೆ ಅದು ರೋಗಶಾಸ್ತ್ರೀಯ ಪೂರ್ಣ ಪ್ರತಿಕ್ರಿಯೆ. ಅಂಥವರ ಭವಿಷ್ಯ ಚೆನ್ನಾಗಿರುತ್ತದೆ. ಆದರೆ ಕ್ಯಾನ್ಸರ್ ಉಳಿದಿರಲಿಲ್ಲ ಎಂಬುದು ಅಂಗವನ್ನು ಕತ್ತರಿಸಿದ ಮೇಲೆ ಗೊತ್ತಾದರೆ ಆ ರೋಗಿಗೆ ಏನು ಲಾಭ? ಬ್ರೆಜಿಲ್‌ನ ಸಾವೊ ಪೌಲೊದ ಶಸ್ತ್ರಚಿಕಿತ್ಸಕಿ ಅಂಜೆಲಿಟಾ ಹಾಬ್ರ್-ಗಾಮಾ ಈ ಪ್ರಶ್ನೆಗೆ ಉತ್ತರವಾಗಿ 2004ರಲ್ಲಿ ಪ್ರಕಟಿಸಿದ ವರದಿ ಮೊದಮೊದಲು ಭಾರಿ ವಿರೋಧ ಎದುರಿಸಿತು. ವಿಕಿರಣ ಮತ್ತು ಕೀಮೋ ಪಡೆದ 265 ರೋಗಿಗಳಲ್ಲಿ ಪರೀಕ್ಷೆಗೆ ಗಡ್ಡೆ ಸಿಗದ 71 ಮಂದಿಗೆ ಅವರು ಶಸ್ತ್ರಚಿಕಿತ್ಸೆ ಮಾಡದೆ, ಆಗಾಗ ಪರೀಕ್ಷಿಸುತ್ತ ಕಾದಿದ್ದರು. ‘ಕಾದು ನೋಡುವ’ ಈ ಪದ್ಧತಿಯನ್ನು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನ ವೈದ್ಯರು ಎಂಆರ್‌ಐ ನೆರವಿನಿಂದ ಮುಂದುವರಿಸಿ 2011ರಲ್ಲಿ 21 ರೋಗಿಗಳ ಅನುಭವ ವರದಿ ಮಾಡಿದರು. ಹಲವು ದೇಶಗಳ 880 ರೋಗಿಗಳ ಮಾಹಿತಿ 2018ರಲ್ಲಿ ಪ್ರಕಟವಾದಾಗ ಚಿತ್ರ ಸ್ಪಷ್ಟವಾಯಿತು: ಎರಡು ವರ್ಷಗಳಲ್ಲಿ ಸುಮಾರು ಶೇ. 25ರಷ್ಟು ಮಂದಿಗೆ ಗಡ್ಡೆ ಮರಳಿತ್ತು. ಮರಳಿದ್ದು ಬಹುತೇಕ ಕರುಳಿನ ಗೋಡೆಯಲ್ಲೇ. ಅಂದರೆ ನಾಲ್ವರಲ್ಲಿ ಮೂವರಿಗೆ ಕಾದದ್ದು ಫಲಿಸಿದೆ. ನಾಲ್ಕನೆಯವರನ್ನು ಬೇಗ ಹಿಡಿದರೆ ಶಸ್ತ್ರಚಿಕಿತ್ಸೆಗೆ ಇನ್ನೂ ಅವಕಾಶವಿದೆ. ಆ ನಾಲ್ಕನೆಯವರು ಯಾರೆಂಬುದನ್ನು ಹೇಳಬೇಕಾದ್ದೇ ಚಿತ್ರ ವಿಶ್ಲೇಷಣೆಯ ಕೆಲಸ.

ಚಿತ್ರದಲ್ಲಿ ಕಾಣುವುದು

ಸಿಟಿ ಸ್ಕ್ಯಾನ್ ಯಕೃತ್ತು, ಶ್ವಾಸಕೋಶಗಳಿಗೆ ರೋಗ ಹರಡಿದೆಯೇ ಎಂದು ನೋಡಲು ಬೇಕು. ಗುದನಾಳದ ಗೋಡೆಯ ಪದರಗಳನ್ನು ಅದು ಸರಿಯಾಗಿ ತೋರಿಸದು. ಗುದದ ಮೂಲಕ ಮಾಡುವ ಅಲ್ಟ್ರಾಸೌಂಡ್ ಆರಂಭಿಕ ಹಂತದ ಗಡ್ಡೆಗೆ ಒಳ್ಳೆಯದು, ವಿಕಿರಣದ ನಂತರ ಗಾಯದ ಕಲೆಯನ್ನೂ ಗಡ್ಡೆಯನ್ನೂ ಬೇರ್ಪಡಿಸಲು ಸೋಲುತ್ತದೆ. ಪೆಟ್ ಸ್ಕ್ಯಾನ್ ಗಡ್ಡೆ ಸಕ್ಕರೆ ಹೀರುವ ಪ್ರಮಾಣವನ್ನು ಅಳೆಯುತ್ತದೆ. ಚಿಕಿತ್ಸೆಯಿಂದಾದ ಉರಿಯೂತವೂ ಸಕ್ಕರೆ ಹೀರುವುದರಿಂದ ಗೊಂದಲವಾಗುತ್ತದೆ. ಹೀಗಾಗಿ ಈ ಕ್ಷೇತ್ರದ ಭಾರ ಬಹುಪಾಲು ಎಂಆರ್‌ಐ ಮೇಲೆ ಬಿದ್ದಿದೆ.

2006ರಲ್ಲಿ ಪ್ರಕಟವಾದ ಮರ್ಕ್ಯುರಿ ಅಧ್ಯಯನ ಎಂಆರ್‌ಐ ಸ್ಥಾನವನ್ನು ಭದ್ರಗೊಳಿಸಿತು. ಶಸ್ತ್ರಚಿಕಿತ್ಸಕರು ಕತ್ತರಿಸುವ ಅಂಚಿಗೆ ಗಡ್ಡೆ ಎಷ್ಟು ಹತ್ತಿರವಿದೆ ಎಂಬುದನ್ನು ಮೊದಲೇ ಹೇಳಬಹುದು ಎಂದು ಅದು ತೋರಿಸಿತು. ಗಡ್ಡೆ ಅಂಚಿನಿಂದ 1 ಮಿಲಿಮೀಟರ್‌ಗಿಂತ ಹತ್ತಿರವಿದ್ದರೆ ಅಪಾಯ. ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ಕರುಳಿನ ಸ್ನಾಯು ಕಪ್ಪಗೆ, ಗಡ್ಡೆ ನಡುವಿನ ಬೂದು ಬಣ್ಣದಲ್ಲಿ ಕಾಣುತ್ತದೆ. ಚಿಕಿತ್ಸೆಯಿಂದ ಗಡ್ಡೆ ಸತ್ತು ನಾರು ಕಟ್ಟಿದರೆ ಆ ಜಾಗ ಕಡುಕಪ್ಪಾಗುತ್ತದೆ. ಬೂದು ಎಷ್ಟು ಉಳಿದಿದೆ, ಕಪ್ಪು ಎಷ್ಟು ಆವರಿಸಿದೆ ಎಂಬುದನ್ನು ನೋಡಿ 1ರಿಂದ 5ರವರೆಗೆ ದರ್ಜೆ ಕೊಡುವ ಪದ್ಧತಿಯಿದೆ. ಒಂದು ಎಂದರೆ ಗಡ್ಡೆಯ ಗುರುತಿಲ್ಲ, ತೆಳುವಾದ ಕಲೆಯಷ್ಟೇ. ಐದು ಎಂದರೆ ಏನೂ ಬದಲಾಗಿಲ್ಲ.

ಇದಕ್ಕೆ ಪೂರಕವಾದದ್ದು ಡಿಫ್ಯೂಷನ್ ಚಿತ್ರ. ನೀರಿನ ಅಣುಗಳು ಅಂಗಾಂಶದೊಳಗೆ ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದನ್ನು ಇದು ಹಿಡಿಯುತ್ತದೆ. ಕೋಶಗಳು ಒತ್ತೊತ್ತಾಗಿರುವ ಗಡ್ಡೆಯಲ್ಲಿ ನೀರಿಗೆ ಎಡೆಯಿಲ್ಲ. ಆದ್ದರಿಂದ ಎಡಿಸಿ ಎಂಬ ಅಳತೆ ಕಡಿಮೆ ಇರುತ್ತದೆ. ಚಿಕಿತ್ಸೆ ಫಲಿಸಿ ಕೋಶಗಳು ಸತ್ತಾಗ ಅದು ಏರುತ್ತದೆ. ಗುದನಾಳದಲ್ಲಿ ಗಾಳಿಯಿದ್ದರೆ ಈ ಚಿತ್ರ ತಿರುಚಿಕೊಳ್ಳುವುದರಿಂದ ಕೆಲವು ಕೇಂದ್ರಗಳಲ್ಲಿ ಸ್ಕ್ಯಾನ್‌ಗೆ ಮುನ್ನ ಸಣ್ಣ ಎನಿಮಾ ಕೊಡುತ್ತಾರೆ. ಇಂಥ ಚಿಕ್ಕ ಸಿದ್ಧತೆ ತಪ್ಪಿದರೆ ಮುಂದಿನ ಎಷ್ಟೇ ಚತುರ ಗಣಿತವೂ ಕೈಹಿಡಿಯದು.

ಅನುಭವಿ ಕಣ್ಣಿಗೂ ಮಿತಿಯುಂಟು. ವಿಕಿರಣದ ನಂತರದ ಎಂಆರ್‌ಐಯಲ್ಲಿ ‘ಗಡ್ಡೆ ಉಳಿದಿದೆ’ ಎಂದು ಬರೆದ ಎಷ್ಟೋ ಪ್ರಸಂಗಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ಬರೀ ನಾರು ಸಿಕ್ಕಿದೆ. ನಾರಿನ ನಡುವೆ ಚದುರಿ ಉಳಿದ ಕೆಲವೇ ಕೋಶಗಳನ್ನು ಯಾವ ಎಂಆರ್‌ಐಯೂ ಬಿಡಿಸಿ ತೋರಿಸಲಾರದು. ಲೋಳೆ ತುಂಬಿದ ಗಡ್ಡೆಗಳ ಸಮಸ್ಯೆ ಬೇರೆಯೇ. ಕೋಶಗಳೆಲ್ಲ ಸತ್ತರೂ ಲೋಳೆಯ ಕೊಳ ಉಳಿದು ಟಿ2 ಚಿತ್ರದಲ್ಲಿ ಹೊಳೆಯುತ್ತದೆ. ಎಡಿಸಿ ಮೊದಲಿನಿಂದಲೂ ಹೆಚ್ಚಿರುವುದರಿಂದ ಅದರ ಏರಿಕೆಯನ್ನೂ ನಂಬುವಂತಿಲ್ಲ.

ರೇಡಿಯೋಮಿಕ್ಸ್ ಮತ್ತು ಆಳ ಕಲಿಕೆ

ಕಣ್ಣು ಬೂದು ಎಂದು ಒಂದೇ ಹೆಸರಿನಿಂದ ಕರೆಯುವ ಜಾಗದಲ್ಲಿ ಕಂಪ್ಯೂಟರಿಗೆ ನೂರಾರು ಬೇರೆ ಬೇರೆ ಅಂಕಿಗಳು ಕಾಣುತ್ತವೆ. ಆ ಅಂಕಿಗಳ ಹಂಚಿಕೆ, ನೆರೆಹೊರೆಯ ಬಿಂದುಗಳ ನಡುವಿನ ಸಂಬಂಧ, ಗಡ್ಡೆಯ ಆಕಾರ ಇವನ್ನೆಲ್ಲ ಅಳತೆಗಳಾಗಿ ಪರಿವರ್ತಿಸಿ ರೋಗದ ಗತಿಯೊಂದಿಗೆ ಜೋಡಿಸುವುದು ರೇಡಿಯೋಮಿಕ್ಸ್. ಮಾಸ್ಟ್ರಿಕ್ಟ್‌ನ ಫಿಲಿಪ್ ಲಾಂಬಿನ್ ಮತ್ತು ಸಂಗಡಿಗರು 2012ರ ಲೇಖನದಲ್ಲಿ ಇದಕ್ಕೆ ರೂಪ ಕೊಟ್ಟರು. ಕಾದು ನೋಡುವ ಪದ್ಧತಿಯನ್ನು ಯುರೋಪಿನಲ್ಲಿ ಬೆಳೆಸಿದ ಊರೂ ಇದೇ. ಬಳಸುವ ಗಣಿತದಲ್ಲಿ ಕೆಲವು ಭಾಗ ಹಳೆಯದು. ಚಿತ್ರದ ನೇಯ್ಗೆಯನ್ನು ಅಳೆಯಲು ರಾಬರ್ಟ್ ಹರಾಲಿಕ್ 1973ರಲ್ಲಿ ಸೂಚಿಸಿದ ಕೋಷ್ಟಕಗಳು ಇಂದಿಗೂ ಚಾಲ್ತಿಯಲ್ಲಿವೆ. ಒಂದೇ ಹೆಸರಿನ ಅಳತೆಯನ್ನು ಒಂದೊಂದು ತಂತ್ರಾಂಶ ಒಂದೊಂದು ರೀತಿ ಲೆಕ್ಕ ಹಾಕುತ್ತಿದ್ದ ಗೊಂದಲ ನೀಗಿಸಲು ಅಂತರರಾಷ್ಟ್ರೀಯ ತಂಡವೊಂದು 2020ರಲ್ಲಿ 169 ಅಳತೆಗಳಿಗೆ ಒಮ್ಮತದ ವ್ಯಾಖ್ಯೆ ನೀಡಿತು.

ಕೆಲಸದ ಮೊದಲ ಹಂತ ಗಡ್ಡೆಯ ಗಡಿ ಗೆರೆ ಹಾಕುವುದು. ಪ್ರತಿ ಪದರದ ಚಿತ್ರದ ಮೇಲೂ ರೇಡಿಯಾಲಜಿಸ್ಟ್ ಗೆರೆ ಎಳೆಯಬೇಕು. ಇಬ್ಬರು ಎಳೆದ ಗೆರೆ ಒಂದೇ ರೀತಿ ಇರುವುದಿಲ್ಲ. ಚಿಕಿತ್ಸೆಯ ನಂತರ ಗಡ್ಡೆಯ ಅಂಚೇ ಮಸುಕಾದಾಗ ವ್ಯತ್ಯಾಸ ಇನ್ನೂ ಹೆಚ್ಚು. ಗೆರೆ ಸರಿದರೆ ಅಳತೆಗಳೂ ಸರಿಯುತ್ತವೆ. ಹಾಗಾಗಿ ಇಬ್ಬರ ಗೆರೆಯಲ್ಲೂ ಸ್ಥಿರವಾಗಿ ಉಳಿದ ಅಳತೆಗಳನ್ನಷ್ಟೇ ಮುಂದಕ್ಕೆ ಒಯ್ಯುವುದು ಒಳ್ಳೆಯ ಅಧ್ಯಯನದ ಲಕ್ಷಣ. ಫ್ರೈಬುರ್ಗ್‌ನಲ್ಲಿ 2015ರಲ್ಲಿ ರೂಪುಗೊಂಡ ಯು-ನೆಟ್ ಜಾಲ ಮತ್ತು ಅದರ ಸಂತತಿ ಈ ಗೆರೆಯನ್ನು ತಾವೇ ಎಳೆಯುತ್ತವೆ. ಆದರೂ ತಜ್ಞರೊಬ್ಬರು ನೋಡಿ ತಿದ್ದುವುದು ಬಿಟ್ಟಿಲ್ಲ.

ನಂತರ ಅಳತೆಗಳ ಆಯ್ಕೆ. ಇಲ್ಲಿಯೇ ಬಹುಪಾಲು ಅಧ್ಯಯನಗಳು ಎಡವುವುದು. ನೂರು ರೋಗಿಗಳು, ಒಬ್ಬೊಬ್ಬರಿಗೂ ಸಾವಿರ ಅಳತೆಗಳು ಎಂದಾಗ, ಯಾವ ಅರ್ಥವೂ ಇಲ್ಲದೆ ಕಾಕತಾಳೀಯವಾಗಿ ಫಲಿತಾಂಶಕ್ಕೆ ಹೊಂದುವ ಅಳತೆಗಳು ಖಂಡಿತ ಸಿಗುತ್ತವೆ. ಅದೇ ರೋಗಿಗಳ ಮೇಲೆ ಮಾದರಿಯನ್ನು ಪರೀಕ್ಷಿಸಿದರೆ ಅದು ಉತ್ತರ ನೋಡಿಕೊಂಡು ಬರೆದ ಪರೀಕ್ಷೆಯಂತೆ; ಅಂಕ ಚೆನ್ನಾಗಿಯೇ ಬರುತ್ತದೆ. ಹೀಗಾಗಿ ಲ್ಯಾಸೊದಂಥ ಗಣಿತವಿಧಾನದಿಂದ ಅಳತೆಗಳನ್ನು ಕೆಲವೇ ಕೆಲವಕ್ಕೆ ಇಳಿಸಿ, ಮಾದರಿ ಕಂಡೇ ಇರದ ರೋಗಿಗಳ ಮೇಲೆ, ಅದರಲ್ಲೂ ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ, ಪರೀಕ್ಷಿಸಬೇಕು.

ಆಳ ಕಲಿಕೆಯಲ್ಲಿ ಅಳತೆಗಳನ್ನು ಮನುಷ್ಯರು ಹೆಸರಿಸುವುದಿಲ್ಲ. ನರಜಾಲವೇ ಚಿತ್ರದಿಂದ ಅವನ್ನು ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾಗುವ ಚಿತ್ರಗಳ ಸಂಖ್ಯೆ ದೊಡ್ಡದು. ಗುದನಾಳದ ಕ್ಯಾನ್ಸರಿನಲ್ಲಿ ಅಷ್ಟು ಒಂದೇ ಕಡೆ ಸಿಗುವುದು ಕಷ್ಟ. ಜಾಲ ಏನನ್ನು ನೋಡಿ ಹೇಳಿತು ಎಂಬುದೂ ಬಹುಮಟ್ಟಿಗೆ ಮರೆಯಲ್ಲೇ ಇರುತ್ತದೆ. ಚಿತ್ರದ ಮೇಲೆ ಬಣ್ಣ ಹಚ್ಚಿ ಅದು ಗಮನಿಸಿದ ಜಾಗ ತೋರಿಸುವ ಉಪಾಯಗಳಿವೆ. ಗಡ್ಡೆಯ ಬದಲು ಮೂತ್ರಕೋಶವೋ ಕರುಳಿನ ಗಾಳಿಯೋ ಬಣ್ಣ ಪಡೆದರೆ ಆ ಮಾದರಿಯನ್ನು ಬದಿಗಿಡುವುದೇ ಕ್ಷೇಮ.

ಮುನ್ಸೂಚನೆ ಹೇಳುವ ಕಾಲವೂ ಮುಖ್ಯ. ಚಿಕಿತ್ಸೆಗೆ ಮೊದಲಿನ ಚಿತ್ರದಿಂದಲೇ ಹೇಳಲಾದರೆ ಯಾರಿಗೆ ಹ್ರಸ್ವ ಕ್ರಮ ಸಾಕು, ಯಾರಿಗೆ ಹೆಚ್ಚಿನ ಕೀಮೋ ಬೇಕು ಎಂದು ತೀರ್ಮಾನಿಸಬಹುದು. ಇದು ಅತ್ಯಂತ ಉಪಯುಕ್ತ, ಅತ್ಯಂತ ಕಠಿಣವೂ ಹೌದು. ಚಿಕಿತ್ಸೆಯ ನಡುವೆ ತೆಗೆದ ಚಿತ್ರದೊಂದಿಗೆ ಹೋಲಿಸಿ ಬದಲಾವಣೆಯನ್ನು ಅಳೆಯುವುದು ಡೆಲ್ಟಾ ರೇಡಿಯೋಮಿಕ್ಸ್. ಚಿಕಿತ್ಸೆ ಮುಗಿದು ಸುಮಾರು 8ರಿಂದ 12 ವಾರಗಳ ಮೇಲೆ ತೆಗೆದ ಚಿತ್ರದಿಂದ ಗಡ್ಡೆ ಉಳಿದಿದೆಯೇ ಎಂದು ನಿರ್ಣಯಿಸುವುದನ್ನು ಮುನ್ಸೂಚನೆ ಎನ್ನುವುದಕ್ಕಿಂತ ತಪಾಸಣೆ ಎನ್ನುವುದೇ ಸರಿ. ಕಾದು ನೋಡುವ ನಿರ್ಧಾರ ನಿಂತಿರುವುದು ಇದರ ಮೇಲೆ. ಪ್ರಕಟವಾಗುವ ಅಧ್ಯಯನಗಳು ಈ ಮೂರನ್ನೂ ಒಂದೇ ಶೀರ್ಷಿಕೆಯಡಿ ತರುವುದರಿಂದ ಅವುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪಾಗುತ್ತದೆ.

ಫಲಿತಾಂಶಗಳನ್ನು ಓದುವ ಬಗೆ

ಬೀಜಿಂಗ್‌ನ ತಂಡವೊಂದು 2017ರಲ್ಲಿ 222 ರೋಗಿಗಳ ಚಿಕಿತ್ಸೆಯ ಮುಂಚಿನ ಮತ್ತು ನಂತರದ ಚಿತ್ರಗಳಿಂದ ಪೂರ್ಣ ಪ್ರತಿಕ್ರಿಯೆಯನ್ನು ಗುರುತಿಸಿದಾಗ ಎಯುಸಿ 0.97ನ್ನು ದಾಟಿತ್ತು. ಎಯುಸಿ ಎಂಬುದು ಮಾದರಿ ಎರಡು ಗುಂಪುಗಳನ್ನು ಬೇರ್ಪಡಿಸುವ ಶಕ್ತಿಯ ಅಳತೆ: 0.5 ಎಂದರೆ ನಾಣ್ಯ ಚಿಮ್ಮಿದಷ್ಟೇ, 1 ಎಂದರೆ ಲೋಪವಿಲ್ಲದ್ದು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರ 2018ರಲ್ಲಿ 114 ರೋಗಿಗಳ ಚಿಕಿತ್ಸೆಯ ನಂತರದ ಟಿ2 ಚಿತ್ರಗಳಿಂದ 0.93 ವರದಿ ಮಾಡಿತು. ಅವರಲ್ಲಿ ಪೂರ್ಣ ಪ್ರತಿಕ್ರಿಯೆ ಇದ್ದವರು 21 ಮಂದಿ ಮಾತ್ರ. 2022ರಲ್ಲಿ ಚೀನಾದ ಹಲವು ಆಸ್ಪತ್ರೆಗಳು ಸೇರಿ 933 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಅದು ಚಿಕಿತ್ಸೆಗೆ ಮೊದಲಿನ ಎಂಆರ್‌ಐ ಜೊತೆಗೆ ಬಯಾಪ್ಸಿ ಗಾಜಿನ ಚಿತ್ರಗಳನ್ನೂ ಬಳಸಿತು. ಹಳೆಯ ದಾಖಲೆಗಳ ಮೇಲೆ ಎಯುಸಿ 0.86ರ ಆಸುಪಾಸಿನಲ್ಲಿತ್ತು, ಹೊಸದಾಗಿ ಸೇರಿದ ರೋಗಿಗಳನ್ನು ಮುಂದಕ್ಕೆ ಹಿಂಬಾಲಿಸಿದಾಗ 0.81ಕ್ಕೆ ಇಳಿಯಿತು. ಪರೀಕ್ಷೆ ಕಟ್ಟುನಿಟ್ಟಾದಂತೆ ಅಂಕ ಇಳಿಯುವುದು ಈ ಕ್ಷೇತ್ರದ ನಿಯಮವೆಂದೇ ಹೇಳಬಹುದು.

ಎಯುಸಿ ಎಷ್ಟೇ ಇರಲಿ, ರೋಗಿಗೆ ಬೇಕಾದ ಉತ್ತರವನ್ನು ಅದು ನೇರವಾಗಿ ಕೊಡದು. 100 ರೋಗಿಗಳಲ್ಲಿ 20 ಮಂದಿಯ ಗಡ್ಡೆ ಪೂರ್ತಿ ಕರಗುತ್ತದೆ ಎಂದಿಟ್ಟುಕೊಂಡರೆ, ಕರಗುವವರಲ್ಲೂ ಕರಗದವರಲ್ಲೂ ಶೇ. 80ರಷ್ಟನ್ನು ಸರಿಯಾಗಿ ಗುರುತಿಸುವ ಮಾದರಿ ಮೊದಲ ಗುಂಪಿನ 20ರಲ್ಲಿ 16 ಮಂದಿಯನ್ನು ಹಿಡಿಯುತ್ತದೆ. ಎರಡನೆಯ ಗುಂಪಿನ 80ರಲ್ಲಿ 16 ಮಂದಿಗೂ ತಪ್ಪಾಗಿ ‘ಕರಗಿದೆ’ ಎನ್ನುತ್ತದೆ. ಹಾಗೆ ಕೇಳಿಸಿಕೊಂಡ 32 ಮಂದಿಯಲ್ಲಿ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಕ್ಯಾನ್ಸರ್ ಉಳಿದಿದೆ. ಮಾದರಿಯನ್ನು ಬಿಗಿಗೊಳಿಸಿ, ಕರಗದವರಲ್ಲಿ ಶೇ. 95ರಷ್ಟನ್ನು ಸರಿಯಾಗಿ ಹೇಳುವಂತೆ ಮಾಡಿ, ಕರಗಿದವರಲ್ಲಿ ಅರ್ಧದಷ್ಟನ್ನೇ ಹಿಡಿದರೂ ಸರಿ ಎಂದುಕೊಂಡರೆ, ‘ಕರಗಿದೆ’ ಎನಿಸಿಕೊಳ್ಳುವವರು 14 ಮಂದಿ, ಅವರಲ್ಲಿ ತಪ್ಪು 4. ಅಂಗ ಉಳಿಸುವ ನಿರ್ಧಾರಕ್ಕೆ ಈ ಎರಡನೆಯ ಬಗೆಯ ಮಾದರಿಯೇ ಬೇಕು, ಅದರ ಎಯುಸಿ ಕೊಂಚ ಕಡಿಮೆ ಇದ್ದರೂ ಚಿಂತೆಯಿಲ್ಲ. ಪ್ರಕಟವಾಗುವ ಲೇಖನಗಳಲ್ಲಿ ಈ ಲೆಕ್ಕ ಮುಂದೆ ನಿಲ್ಲದೆ ಕೋಷ್ಟಕದ ಮೂಲೆಯಲ್ಲಿ ಕೂರುವುದು ವಿಷಾದದ ಸಂಗತಿ.

ಯಂತ್ರದಿಂದ ಯಂತ್ರಕ್ಕೆ ಚಿತ್ರ ಬದಲಾಗುವುದು ಇನ್ನೊಂದು ತೊಡಕು. 1.5 ಟೆಸ್ಲಾ, 3 ಟೆಸ್ಲಾ ಕಾಂತಬಲದ ಯಂತ್ರಗಳು, ಬೇರೆ ಬೇರೆ ತಯಾರಕರು, ಪದರದ ದಪ್ಪ ಇವುಗಳಿಂದ ಒಂದೇ ಗಡ್ಡೆಯ ಅಂಕಿಗಳು ಬೇರೆಯಾಗುತ್ತವೆ. ಜೀನ್ ಅಧ್ಯಯನಕ್ಕಾಗಿ 2007ರಲ್ಲಿ ರೂಪಿಸಿದ ಕಾಂಬ್ಯಾಟ್ ಎಂಬ ಹೊಂದಾಣಿಕೆ ವಿಧಾನವನ್ನು ಇಲ್ಲಿಗೂ ತಂದಿದ್ದಾರೆ. ಅಧ್ಯಯನಗಳ ಗುಣಮಟ್ಟ ತೂಗಲು 2017ರಲ್ಲಿ 36 ಅಂಕಗಳ ಪಟ್ಟಿಯೊಂದು ಬಂತು. ಮುನ್ಸೂಚನೆಯ ಮಾದರಿಗಳನ್ನು ವರದಿ ಮಾಡುವ ಟ್ರೈಪಾಡ್ ನಿಯಮಗಳನ್ನು 2024ರಲ್ಲಿ ಕೃತಕ ಬುದ್ಧಿಮತ್ತೆಗೂ ವಿಸ್ತರಿಸಲಾಯಿತು.

ಎಲ್ಲ ಮುನ್ಸೂಚನೆಯೂ ಚಿತ್ರದಿಂದಲೇ ಬರಬೇಕೆಂದಿಲ್ಲ. ಡಿಎನ್‌ಎ ದೋಷ ತಿದ್ದುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳು ಗುದನಾಳದ ಕ್ಯಾನ್ಸರ್‌ಗಳಲ್ಲಿ ಶೇ. 5ರಿಂದ 10. ಇಂಥ 12 ರೋಗಿಗಳಿಗೆ ಡೋಸ್ಟಾರ್ಲಿಮ್ಯಾಬ್ ಔಷಧಿಯೊಂದನ್ನೇ ಕೊಟ್ಟಾಗ ಹನ್ನೆರಡೂ ಮಂದಿಯ ಗಡ್ಡೆ ಮಾಯವಾದದ್ದನ್ನು 2022ರಲ್ಲಿ ವರದಿ ಮಾಡಲಾಯಿತು. ಆ ದೋಷವನ್ನು ಪತ್ತೆ ಮಾಡಲು ಬಯಾಪ್ಸಿ ತುಣುಕಿನ ಮೇಲಿನ ಪರೀಕ್ಷೆ ಸಾಕು.

ಭಾರತ ಮತ್ತು ಕರ್ನಾಟಕ

ಮೇಲೆ ಹೇಳಿದ ಮಾದರಿಗಳು ಕಲಿತದ್ದು ಚೀನಾ ಮತ್ತು ನ್ಯೂಯಾರ್ಕ್‌ನ ರೋಗಿಗಳಿಂದ. ಚಿಕ್ಕ ವಯಸ್ಸಿನ, ಲೋಳೆ ಮತ್ತು ಸಿಗ್ನೆಟ್ ರಿಂಗ್ ಬಗೆಯ ಗಡ್ಡೆ ಹೆಚ್ಚಿರುವ ಭಾರತದ ರೋಗಿಗಳಿಗೆ ಅವು ಹಾಗೆಯೇ ಹೊಂದುತ್ತವೆ ಎಂದು ನಂಬಲು ಆಧಾರವಿಲ್ಲ. ದೇಶದೊಳಗಿನ ಚಿತ್ರಗಳ ಸಂಗ್ರಹ ಇದಕ್ಕಾಗಿ ಅಗತ್ಯ. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್ ಮತ್ತು ಖರಗ್‌ಪುರದ ಐಐಟಿ ಸೇರಿ ಕಟ್ಟಿದ ‘ಛವಿ’ ಎಂಬ ಕ್ಯಾನ್ಸರ್ ಚಿತ್ರಭಂಡಾರ, ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಬೆಳೆಯುತ್ತಿರುವ ಚಿತ್ರ ಬಯೋಬ್ಯಾಂಕ್ ಈ ದಿಕ್ಕಿನ ಯತ್ನಗಳು. ಚಿತ್ರಗಳನ್ನು ಆಸ್ಪತ್ರೆಯಿಂದ ಹೊರಗೆ ಒಯ್ಯದೆ ಮಾದರಿಯನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಕಳಿಸಿ ಕಲಿಸುವ ಒಕ್ಕೂಟ ಕಲಿಕೆಯೂ ಒಂದು ದಾರಿ. ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆಯ ಮುಖ್ಯ ಸರ್ಕಾರಿ ಕೇಂದ್ರ. ಬೆಂಗಳೂರಿನ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿಯನ್ನು 1980ರ ದಶಕದ ಆರಂಭದಿಂದ ನಡೆಸಿಕೊಂಡು ಬಂದಿರುವುದೂ ಅದೇ.

ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ರೋಗಿಗಳಿಗೆ ಇದೆಲ್ಲದರ ಅರ್ಥವೇನು ಎಂಬುದಕ್ಕೆ ಚಾಮರಾಜನಗರ ಜಿಲ್ಲೆ ಒಂದು ಉದಾಹರಣೆ. ಈ ಜಿಲ್ಲೆ 1997ರಲ್ಲಿ ರಚನೆಯಾಯಿತು; ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 2016ರಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರು ವಿಕಿರಣ ಚಿಕಿತ್ಸೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗುವುದು ರೂಢಿ. ತಮಿಳುನಾಡಿನ ಗಡಿಗೆ ಹತ್ತಿರವಿರುವ ರಾಮಾಪುರ ಹನೂರು ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತ ಕಾಡು, ಮಳೆಯಾಶ್ರಿತ ಬೇಸಾಯ, ಸೋಲಿಗ ಬುಡಕಟ್ಟಿನವರ ಪೋಡುಗಳು (ಹಾಡಿಗಳು). ಇಲ್ಲಿಂದ ಹನೂರು, ಕೊಳ್ಳೇಗಾಲ ದಾಟಿ ಮೈಸೂರು ತಲುಪಬೇಕು. ಜನ ‘ಕರೆಂಟು ಕೊಡಿಸುವುದು’ ಎನ್ನುವ ವಿಕಿರಣದ ದೀರ್ಘ ಕ್ರಮಕ್ಕೆ ಐದಾರು ವಾರ ಅಲ್ಲೇ ತಂಗಬೇಕು. ಹ್ರಸ್ವ ಕ್ರಮವಾದರೆ ಒಂದು ವಾರ. ಯಾರ ಗಡ್ಡೆಗೆ ಯಾವುದು ಸಾಕೆಂದು ಚಿಕಿತ್ಸೆಗೆ ಮೊದಲೇ ಹೇಳಬಲ್ಲ ಮಾದರಿ ಕೂಲಿನಾಲಿಯವರ ಮಟ್ಟಿಗೆ ಒಂದು ತಿಂಗಳ ದುಡಿಮೆ ಉಳಿಸಿದಂತೆ.

ಕಾದು ನೋಡುವ ಪದ್ಧತಿಯ ಷರತ್ತು ಇಲ್ಲಿ ಇನ್ನೂ ಭಾರವಾಗುತ್ತದೆ. ಮೊದಲ ಎರಡು ವರ್ಷ 3ರಿಂದ 4 ತಿಂಗಳಿಗೊಮ್ಮೆ ಗುದಪರೀಕ್ಷೆ ಮತ್ತು ಎಂಡೋಸ್ಕೋಪಿ, 3ರಿಂದ 6 ತಿಂಗಳಿಗೊಮ್ಮೆ ಎಂಆರ್‌ಐ, ಜೊತೆಗೆ ರಕ್ತದಲ್ಲಿ ಸಿಇಎ ಎಂಬ ಕ್ಯಾನ್ಸರ್ ಸೂಚಕದ ಪರೀಕ್ಷೆ ತಪ್ಪದೆ ನಡೆಯಬೇಕು. ನೋವಿಲ್ಲ, ರಕ್ತವಿಲ್ಲ, ಕೆಲಸದ ದಿನ ಕಳೆದುಕೊಂಡು ಬಸ್ಸು ಹತ್ತಲು ಕಾರಣವೂ ಕಾಣುವುದಿಲ್ಲ. ತಪಾಸಣೆ ತಪ್ಪಿದವರಲ್ಲಿ ಮರಳಿದ ಗಡ್ಡೆ ಶಸ್ತ್ರಚಿಕಿತ್ಸೆಯ ಕೈಮೀರುವ ತನಕ ಗೊತ್ತಾಗದೆ ಹೋಗಬಹುದು. ಆದ್ದರಿಂದ ‘ಪೂರ್ತಿ ಕರಗಿದೆ’ ಎಂದು ಮಾದರಿ ಹೇಳಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಡ ಎನ್ನುವುದು ಮೈಸೂರಿನ ನಿವಾಸಿಗೆ ಒಪ್ಪಬಹುದಾದರೂ ರಾಮಾಪುರದ ರೋಗಿಗೆ ಅದೇ ಸಲಹೆ ಅಪಾಯಕಾರಿಯಾದೀತು. ಮರಳಿ ಬರುವ ವ್ಯವಸ್ಥೆ ಮೊದಲು ಖಾತ್ರಿಯಾಗಬೇಕು. ಇನ್ನೊಂದು ಕಡೆ, ನೀರು ಮತ್ತು ಶೌಚಾಲಯದ ಅನುಕೂಲ ಕಡಿಮೆಯಿರುವ ಮನೆಯಲ್ಲಿ, ಹೊಲದಲ್ಲಿ ದುಡಿಯುತ್ತ ಮಲದ ಚೀಲ ನಿಭಾಯಿಸುವುದು ನಗರದಲ್ಲಿರುವುದಕ್ಕಿಂತ ಕಷ್ಟ. ಅಂಗ ಉಳಿಸುವುದರಿಂದ ಹೆಚ್ಚು ಪ್ರಯೋಜನ ಪಡೆಯುವವರೂ ಇವರೇ. ಎರಡೂ ನಿಜ, ಎರಡನ್ನೂ ಸೇರಿಸಿ ತೂಗುವ ಮಾದರಿ ಯಾವುದೂ ಇಲ್ಲ, ಆ ಕೆಲಸ ವೈದ್ಯರು ಮತ್ತು ಮನೆಯವರದು.

ಚಿಕಿತ್ಸೆಯ ವೆಚ್ಚದ ಭಾಗ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿಂದ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬಸ್ಸಿನ ಖರ್ಚು, ತಂಗುವ ಖರ್ಚು, ಕಳೆದ ಕೂಲಿ ರೋಗಿಯ ಪಾಲಿಗೇ ಉಳಿಯುತ್ತವೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯಿಂದ ಚಿಕಿತ್ಸೆಗೆ ಗಡಿಯಾಚೆ ಹೋಗುವವರೂ ಇದ್ದಾರೆ. ಮೊದಲ ಎಂಆರ್‌ಐ ಒಂದು ಊರಿನ ಯಂತ್ರದಲ್ಲಿ, ಚಿಕಿತ್ಸೆಯ ನಂತರದ್ದು ಇನ್ನೊಂದು ಊರಿನ ಯಂತ್ರದಲ್ಲಿ ಆದರೆ ಎರಡನ್ನೂ ಹೋಲಿಸುವ ಲೆಕ್ಕ ಕೆಡುತ್ತದೆ. ಫಿಲ್ಮ್ ಹಾಳೆಯಿಂದ ರೇಡಿಯೋಮಿಕ್ಸ್ ಅಳತೆ ತೆಗೆಯಲಾಗದು. ಡೈಕಾಮ್ ಎಂಬ ಮೂಲ ಡಿಜಿಟಲ್ ಚಿತ್ರ ಕಡತಗಳೇ ಬೇಕು. ಸ್ಕ್ಯಾನಿಂಗ್ ಕೇಂದ್ರಗಳು ಕೊಡುವ ಸಿ.ಡಿ.ಯಲ್ಲಿ ಅವು ಇರುತ್ತವೆ, ವರದಿ ಹಾಳೆ ಜೋಪಾನ ಮಾಡುವವರು ಸಿ.ಡಿ. ಕಳೆದುಬಿಡುವುದೇ ಹೆಚ್ಚು.

ನಿಯಮ ಮತ್ತು ಸದ್ಯದ ಸ್ಥಾನ

ಭಾರತದಲ್ಲಿ ರೋಗ ನಿರ್ಣಯಕ್ಕೆ ಬಳಸುವ ತಂತ್ರಾಂಶ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. 2017ರ ವೈದ್ಯಕೀಯ ಸಾಧನ ನಿಯಮಾವಳಿ ಅದಕ್ಕೂ ಅನ್ವಯ. ಆರೋಗ್ಯ ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ನೈತಿಕ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಅಂಗೀಕಾರವಾಯಿತು.

ಗಡ್ಡೆ ಕರಗಿದೆಯೇ ಎಂಬ ನಿರ್ಣಯ ಇಂದಿಗೂ ಬೆರಳಿನ ಪರೀಕ್ಷೆ, ಎಂಡೋಸ್ಕೋಪಿ, ರೇಡಿಯಾಲಜಿಸ್ಟ್ ಓದಿದ ಎಂಆರ್‌ಐ ಈ ಮೂರೂ ಒಂದೇ ಮಾತು ಹೇಳಿದಾಗ ಆಗುತ್ತದೆ. ಶಸ್ತ್ರಚಿಕಿತ್ಸಕ, ರೇಡಿಯಾಲಜಿಸ್ಟ್, ವಿಕಿರಣ ತಜ್ಞ, ಕೀಮೋ ತಜ್ಞ ಕೂಡಿ ಕುಳಿತು ಚರ್ಚಿಸುವ ಸಭೆಯಲ್ಲಿ ಅದು ಅಂತಿಮವಾಗುತ್ತದೆ. ರೇಡಿಯೋಮಿಕ್ಸ್ ಅಥವಾ ಆಳ ಕಲಿಕೆಯ ಫಲಿತಾಂಶವೊಂದನ್ನೇ ನಂಬಿ ಶಸ್ತ್ರಚಿಕಿತ್ಸೆ ಕೈಬಿಡಲು ಪ್ರಮುಖ ಅಂತರರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಗಳು ಅನುಮತಿ ನೀಡಿಲ್ಲ.